ಗ್ವಾಟೆಮಾಲಾ ನೋಡುವ ಕ್ರಮ: ಮೊದಲು ಮಗ್ಗ, ಆಮೇಲೆ ಪಿರಮಿಡ್ಡು

ಮಧ್ಯ ಅಮೆರಿಕದ ಗ್ವಾಟೆಮಾಲಾಕ್ಕೆ ಹೋಗುವವರಲ್ಲಿ ಹೆಚ್ಚಿನವರು ಮಾಯಾ ಜನರ ಪ್ರಾಚೀನ ನಗರವಾದ ಟಿಕಾಲ್‌ನ ಪಿರಮಿಡ್ಡುಗಳ ಚಿತ್ರ ನೋಡಿಯೇ ಹೊರಡುತ್ತಾರೆ. ದೇಶದಲ್ಲಿ ಇಳಿದ ಮಾರನೆಯ ದಿನವೇ ಅಲ್ಲಿಗೆ ಹಾರಿ, ಕಾಡಿನ ನಡುವೆ ಎದ್ದು ನಿಂತ ಕಲ್ಲಿನ ಗೋಪುರಗಳನ್ನು ಕಂಡು, ಇವನ್ನು ಕಟ್ಟಿದ ಜನ ಏನಾಗಿಹೋದರು ಎಂದು ಮಾರ್ಗದರ್ಶಿಯನ್ನು ಕೇಳುತ್ತಾರೆ. ಆ ಜನ ಎಲ್ಲಿಗೂ ಹೋಗಿಲ್ಲ. 2018ರ ಜನಗಣತಿಯಲ್ಲಿ ದೇಶದ ಹತ್ತು ಮಂದಿಯಲ್ಲಿ ನಾಲ್ವರಿಗಿಂತ ಹೆಚ್ಚು ಜನ ತಮ್ಮನ್ನು ಮಾಯಾ ಎಂದೇ ಬರೆಸಿದ್ದಾರೆ. ಕಿಚೆ, ಕಕ್ಚಿಕೆಲ್, ಕೆಕ್ಚಿ, ಮಾಮ್, ತ್ಸುತುಹಿಲ್ ಮೊದಲಾದ 22 ಮಾಯಾ ಭಾಷೆಗಳು ಅಲ್ಲಿ ಇಂದಿಗೂ ಮನೆಮಾತುಗಳಾಗಿವೆ. ನಿಮ್ಮನ್ನು ಟಿಕಾಲ್‌ಗೆ ಕರೆದೊಯ್ಯುವ ವ್ಯಾನಿನ ಚಾಲಕನ ಅಜ್ಜಿ ಅವುಗಳಲ್ಲೊಂದರಲ್ಲಿ ಮಾತನಾಡುವವರಾಗಿರಬಹುದು.

ಆದ್ದರಿಂದ ಈ ದೇಶವನ್ನು ನೋಡಲು ನಾನು ಸೂಚಿಸುವ ಕ್ರಮ ಬೇರೆ. ಮೊದಲು ರಾಜಧಾನಿಯ ಸಂಗ್ರಹಾಲಯಗಳು, ಅನಂತರ ಆಂಟಿಗುವಾ ಪಟ್ಟಣ, ಆಮೇಲೆ ಅತಿತ್ಲಾನ್ ಸರೋವರದ ಸುತ್ತಲಿನ ಊರುಗಳು ಮತ್ತು ಚಿಚಿಕಾಸ್ಟೆನಾಂಗೊದ ಸಂತೆ, ಅವೆಲ್ಲ ಮುಗಿದ ಮೇಲೆ ಟಿಕಾಲ್, ಕೊನೆಯಲ್ಲಿ ಮಾಯಾ ಶಿಲಾಸ್ತಂಭಗಳ ನೆಲೆಯಾದ ಕಿರಿಗುವಾ. ಇದಕ್ಕೆ ಹನ್ನೆರಡು ದಿನಗಳಾದರೂ ಬೇಕು. ಹದಿನೈದು ಸಿಕ್ಕರೆ ಸಾವಕಾಶವಾಗಿ ನೋಡಬಹುದು. ಒಂದೇ ವಾರವಿದ್ದರೆ ಟಿಕಾಲ್ ಬಿಟ್ಟು ಬೆಟ್ಟಸೀಮೆಯನ್ನು ಮಾತ್ರ ನೋಡಿ ಎಂದು ನಾನು ಸಂಕೋಚವಿಲ್ಲದೆ ಹೇಳುತ್ತೇನೆ.

ಹೊರಡುವ ಮುನ್ನ

ಭಾರತದಿಂದ ಗ್ವಾಟೆಮಾಲಾಕ್ಕೆ ನೇರ ವಿಮಾನವಿಲ್ಲ. ಅಮೆರಿಕದ ಮೂಲಕ ಹೋಗುವ ದಾರಿ ಸುಲಭವಾಗಿ ಕಂಡರೂ ಅಲ್ಲಿ ವಿಮಾನ ಬದಲಿಸುವುದಕ್ಕೂ ಭಾರತೀಯರಿಗೆ ಅಮೆರಿಕದ ವೀಸಾ ಬೇಕು ಎಂಬುದನ್ನು ಟಿಕೆಟ್ ಕೊಳ್ಳುವ ಮುನ್ನವೇ ನೆನಪಿನಲ್ಲಿಡಬೇಕು. ಅಮೆರಿಕದಲ್ಲೇ ನೆಲೆಸಿರುವ ಕನ್ನಡಿಗರಿಗೆ ಈ ಪ್ರಯಾಣ ಬಹಳ ಹತ್ತಿರದ್ದು: ಹ್ಯೂಸ್ಟನ್, ಮಯಾಮಿ, ಲಾಸ್ ಏಂಜಲೀಸ್ ನಗರಗಳಿಂದ ನೇರ ವಿಮಾನಗಳಿವೆ, ಹ್ಯೂಸ್ಟನ್‌ನಿಂದಂತೂ ಸುಮಾರು ಮೂರು ಗಂಟೆಯ ಹಾದಿ. ಗ್ವಾಟೆಮಾಲಾದ ವೀಸಾ ನಿಯಮ ನಿಮ್ಮ ಪಾಸ್‌ಪೋರ್ಟಿನಲ್ಲಿರುವ ಇತರ ವೀಸಾಗಳನ್ನೂ ಅವಲಂಬಿಸಬಹುದಾದ್ದರಿಂದ ಆ ದೇಶದ ರಾಯಭಾರ ಕಚೇರಿಯಿಂದ ಲಿಖಿತವಾಗಿ ಉತ್ತರ ಪಡೆದುಕೊಳ್ಳುವುದು ಒಳ್ಳೆಯದು. ಗ್ವಾಟೆಮಾಲಾ, ಎಲ್ ಸಾಲ್ವಡಾರ್, ಹೊಂಡುರಾಸ್, ನಿಕರಾಗುವಾ ಈ ನಾಲ್ಕು ದೇಶಗಳಲ್ಲಿ ಪ್ರವಾಸಿಗರಿಗೆ ಸಿಗುವ 90 ದಿನಗಳನ್ನು ಒಟ್ಟಾಗಿ ಎಣಿಸಲಾಗುತ್ತದೆ.

ನವೆಂಬರ್‌ನಿಂದ ಏಪ್ರಿಲ್‌ವರೆಗೆ ಒಣ ಹವೆ, ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಮಳೆಗಾಲ. ಆಂಟಿಗುವಾ ಸಮುದ್ರಮಟ್ಟದಿಂದ ಸುಮಾರು 1,500 ಮೀಟರ್ ಎತ್ತರದಲ್ಲಿದೆ, ಚಿಚಿಕಾಸ್ಟೆನಾಂಗೊ ಅದಕ್ಕಿಂತಲೂ ಮೇಲಿದೆ. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಅಲ್ಲಿ ಸ್ವೆಟರ್ ಇಲ್ಲದೆ ಆಗುವುದಿಲ್ಲ. ಟಿಕಾಲ್ ಇರುವ ಪೆಟೆನ್ ಸೀಮೆಯಾದರೋ ಬಿಸಿಲು, ಸೆಕೆ, ಸೊಳ್ಳೆಗಳ ತಗ್ಗುನಾಡು. ಒಂದೇ ಪೆಟ್ಟಿಗೆಯಲ್ಲಿ ಎರಡು ಹವಾಮಾನಗಳ ಬಟ್ಟೆ ತುಂಬಿಕೊಂಡು ಹೋಗಬೇಕು. ವಿದ್ಯುತ್ 120 ವೋಲ್ಟ್, ಪ್ಲಗ್ಗು ಅಮೆರಿಕದ ಮಾದರಿಯದು.

ಸಸ್ಯಾಹಾರಿಗಳು ಹೆದರಬೇಕಾಗಿಲ್ಲ. ತೋರ್ತಿಯ ಎಂಬ ಮೆಕ್ಕೆಜೋಳದ ರೊಟ್ಟಿ, ಕಪ್ಪು ಹುರುಳಿಕಾಯಿ ಬೀಜದ ಗಟ್ಟಿ ಪಲ್ಯ, ಬೆಣ್ಣೆಹಣ್ಣಿನ ಗ್ವಾಕಮೋಲೆ, ಹುರಿದ ಬಾಳೆಹಣ್ಣು, ಸುಟ್ಟ ಟೊಮೆಟೊದ ಚಿರ್ಮೊಲ್ ಚಟ್ನಿ ಎಲ್ಲ ಊರುಗಳಲ್ಲೂ ಸಿಗುತ್ತವೆ. ಎರಡು ವಿಷಯ ತಿಳಿದಿರಲಿ. 'ಕಾರ್ನೆ' ಎಂಬ ಮಾತನ್ನು ಅಲ್ಲಿಯವರು ಬಹುಮಟ್ಟಿಗೆ ದನದ ಮಾಂಸ ಎಂಬರ್ಥದಲ್ಲೇ ಬಳಸುವುದರಿಂದ 'ಸಿನ್ ಕಾರ್ನೆ' (ಕಾರ್ನೆ ಇಲ್ಲದ್ದು) ಎಂದಷ್ಟೇ ಹೇಳಿದರೆ ತಟ್ಟೆಯಲ್ಲಿ ಕೋಳಿ ಬಂದೀತು. 'ಸಿನ್ ಪೊಯೊ' (ಕೋಳಿ ಇಲ್ಲದ್ದು) ಎಂದೂ ಸೇರಿಸಿ. ಇನ್ನೊಂದು, ಹುರುಳಿಕಾಯಿ ಬೀಜದ ಪಲ್ಯಕ್ಕೂ, ಮೆಕ್ಕೆಜೋಳದ ಹಿಟ್ಟನ್ನು ಎಲೆಯಲ್ಲಿ ಸುತ್ತಿ ಬೇಯಿಸುವ ತಮಾಲೆಗೂ ಹಂದಿಯ ಕೊಬ್ಬು ಹಾಕುವ ರೂಢಿಯಿದೆ. 'ಸಿನ್ ಮಾಂತೆಕಾ' (ಕೊಬ್ಬು ಇಲ್ಲದ್ದು) ಎಂದು ಕೇಳಿ ಖಚಿತಪಡಿಸಿಕೊಳ್ಳಿ.

ಇಳಿದ ಕೂಡಲೇ ಹಣ ಬದಲಿಸಿಕೊಂಡಾಗ ನೋಟುಗಳನ್ನು ಸ್ವಲ್ಪ ಗಮನಿಸಿ. ಕ್ವೆತ್ಸಾಲ್ ಎಂಬುದು ಅಲ್ಲಿನ ನಾಣ್ಯವೂ ಹೌದು, ರಾಷ್ಟ್ರಪಕ್ಷಿಯೂ ಹೌದು. ಪ್ರತಿ ನೋಟಿನಲ್ಲೂ ಬೆಲೆಯನ್ನು ನಮಗೆ ಗೊತ್ತಿರುವ ಅಂಕಿಗಳ ಜೊತೆಗೆ ಮಾಯಾ ಅಂಕಿಯಲ್ಲೂ ಮುದ್ರಿಸಿರುತ್ತಾರೆ. ಚುಕ್ಕಿ ಎಂದರೆ ಒಂದು, ಅಡ್ಡಗೆರೆ ಎಂದರೆ ಐದು, ಚಿಪ್ಪಿನ ಚಿತ್ರ ಎಂದರೆ ಸೊನ್ನೆ; ಸ್ಥಾನಗಳು ಕೆಳಗಿನಿಂದ ಮೇಲಕ್ಕೆ ಇಪ್ಪತ್ತು ಪಟ್ಟು ಏರುತ್ತವೆ. ಐದು ಕ್ವೆತ್ಸಾಲ್ ನೋಟಿನಲ್ಲಿ ಒಂದೇ ಒಂದು ಗೆರೆ. ಇಪ್ಪತ್ತರ ನೋಟಿನಲ್ಲಿ ಕೆಳಗೆ ಚಿಪ್ಪು, ಮೇಲೊಂದು ಚುಕ್ಕಿ. ನೂರರ ನೋಟಿನಲ್ಲಿ ಕೆಳಗೆ ಚಿಪ್ಪು, ಮೇಲೊಂದು ಗೆರೆ. ಐದು ಇಪ್ಪತ್ತಲ ನೂರು. ಇಷ್ಟು ಕಲಿತವರು ಹತ್ತು ದಿನಗಳ ನಂತರ ಕಿರಿಗುವಾದ ಶಿಲಾಸ್ತಂಭದ ಮುಂದೆ ನಿಂತಾಗ ಅಲ್ಲಿನ ಕಾಲಗಣನೆಯ ಅಂಕಿಗಳನ್ನು ಬಹುಮಟ್ಟಿಗೆ ತಾವೇ ಓದಬಲ್ಲರು.

ರಾಜಧಾನಿಯಲ್ಲಿ ಒಂದು ದಿನ

ಗ್ವಾಟೆಮಾಲಾ ಸಿಟಿಯನ್ನು ಬಹಳ ಮಂದಿ ವಿಮಾನ ನಿಲ್ದಾಣದಿಂದಲೇ ದಾಟಿಕೊಂಡು ಹೋಗುತ್ತಾರೆ. ಅದು ತಪ್ಪೆಂದೇ ನನ್ನ ಅಭಿಪ್ರಾಯ. ನಗರವನ್ನು 'ಝೋನಾ' ಎಂಬ ಸಂಖ್ಯಾವಾರು ವಿಭಾಗಗಳಾಗಿ ಹಂಚಿದ್ದಾರೆ. ಒಂದೇ ಬೀದಿ ಸಂಖ್ಯೆ ಬೇರೆ ಬೇರೆ ವಿಭಾಗಗಳಲ್ಲಿ ಮತ್ತೆ ಮತ್ತೆ ಬರುವುದರಿಂದ ವಿಳಾಸ ಹೇಳುವಾಗ ಝೋನಾ ಸಂಖ್ಯೆಯನ್ನು ಬಿಡಬಾರದು. ಹದಿಮೂರನೆಯ ಝೋನಾದಲ್ಲಿ ವಿಮಾನ ನಿಲ್ದಾಣದ ಪಕ್ಕದಲ್ಲೇ ರಾಷ್ಟ್ರೀಯ ಪುರಾತತ್ವ ಮತ್ತು ಜನಾಂಗ ಸಂಗ್ರಹಾಲಯವಿದೆ. ಪಿಯೆದ್ರಾಸ್ ನೆಗ್ರಾಸ್ ಎಂಬ ದುರ್ಗಮ ನೆಲೆಯಿಂದ ತಂದ, ಬೆನ್ನೊರಗಿನ ತುಂಬ ಕೆತ್ತನೆಯಿರುವ ರಾಜಸಿಂಹಾಸನವನ್ನು ಅಲ್ಲಿ ನೋಡಬೇಕು. ಹತ್ತನೆಯ ಝೋನಾದಲ್ಲಿ ಒಂದು ವಿಶ್ವವಿದ್ಯಾಲಯದ ಆವರಣದೊಳಗೆ ಪೋಪೋಲ್ ವೂಹ್ ಸಂಗ್ರಹಾಲಯವೂ, ಅದಕ್ಕೆ ಹೊಂದಿಕೊಂಡೇ ಮಾಯಾ ನೇಯ್ಗೆಯ ಇಶ್ಚೆಲ್ ಸಂಗ್ರಹಾಲಯವೂ ಇವೆ. ಸಮಯ ಕಡಿಮೆಯಿದ್ದರೆ ಇಶ್ಚೆಲ್ ಒಂದನ್ನಾದರೂ ನೋಡಿ. ಮಾಯಾ ಹೆಂಗಸರು ತೊಡುವ ಹುಯಿಪಿಲ್ ಎಂಬ ಕುಪ್ಪಸದ ವಿನ್ಯಾಸ ಊರಿಂದೂರಿಗೆ ಬೇರೆ. ಬಲ್ಲವರು ಬಟ್ಟೆ ನೋಡಿಯೇ ಇವರು ಇಂಥ ಊರಿನವರು ಎಂದು ಹೇಳುತ್ತಾರೆ. ಆ ಕಣ್ಣನ್ನು ಮೊದಲ ದಿನವೇ ಸ್ವಲ್ಪ ಪಳಗಿಸಿಕೊಂಡರೆ ಮುಂದಿನ ಸಂತೆಗಳಲ್ಲಿ ನಿಮಗೆ ಕಾಣುವುದು ಬರಿಯ ಬಣ್ಣಗಳ ಜಾತ್ರೆಯಾಗಿರುವುದಿಲ್ಲ, ಊರುಗಳ ನಕ್ಷೆಯಾಗಿರುತ್ತದೆ.

ಮಧ್ಯಾಹ್ನ ಒಂದನೆಯ ಝೋನಾದ ಮುಖ್ಯ ಚೌಕಕ್ಕೆ ಹೋಗಿ. ರಾಷ್ಟ್ರೀಯ ಸಂಸ್ಕೃತಿ ಅರಮನೆಯನ್ನು ನೋಡಿದ ಮೇಲೆ ಪ್ರಧಾನ ಚರ್ಚಿನ ಮುಂದಿನ ಕಂಬಗಳ ಬಳಿ ಸ್ವಲ್ಪ ಹೊತ್ತು ನಿಲ್ಲಬೇಕು. ಹನ್ನೆರಡು ಕಂಬಗಳ ಮೇಲೆ ಸಣ್ಣ ಅಕ್ಷರಗಳಲ್ಲಿ, ಮೇಲಿನಿಂದ ಕೆಳಗಿನವರೆಗೆ, ಹೆಸರುಗಳನ್ನು ಕೆತ್ತಿದ್ದಾರೆ. 1960ರಿಂದ 1996ರವರೆಗೆ ನಡೆದ ಅಂತರ್ಯುದ್ಧದಲ್ಲಿ ಸತ್ತವರ, ಕಾಣೆಯಾದವರ ಹೆಸರುಗಳು ಅವು. 1999ರಲ್ಲಿ ವರದಿ ನೀಡಿದ ಸತ್ಯಶೋಧನಾ ಆಯೋಗ ಸತ್ತವರು ಹಾಗೂ ಕಾಣೆಯಾದವರ ಸಂಖ್ಯೆಯನ್ನು ಎರಡು ಲಕ್ಷಕ್ಕಿಂತ ಹೆಚ್ಚೆಂದು ಅಂದಾಜಿಸಿತು. ಗುರುತು ಸಿಕ್ಕವರಲ್ಲಿ ನೂರಕ್ಕೆ 83 ಮಂದಿ ಮಾಯಾ ಜನ. ಚರ್ಚಿನ ಪರವಾಗಿ ಇಂಥದೇ ವರದಿಯನ್ನು 1998ರ ಏಪ್ರಿಲ್‌ನಲ್ಲಿ ಬಿಡುಗಡೆ ಮಾಡಿದ ಬಿಷಪ್ ಹುವಾನ್ ಹೆರಾರ್ಡಿಯವರನ್ನು ಎರಡು ದಿನಗಳಲ್ಲೇ ಕೊಲ್ಲಲಾಯಿತು. ಬೆಟ್ಟಸೀಮೆಯ ಊರುಗಳಲ್ಲಿ ನಡುವಯಸ್ಸು ದಾಟಿದವರೊಡನೆ ಮಾತನಾಡುವಾಗ ಅವರು ಆ ಕಾಲವನ್ನು ಕಂಡವರು ಎಂಬ ಅರಿವು ನಮಗಿರಬೇಕು. ಅವರಾಗಿ ಹೇಳಿದರೆ ಕೇಳಿ, ನೀವಾಗಿ ಕೆದಕಬೇಡಿ.

ಆಂಟಿಗುವಾ: ಕುಸಿದದ್ದನ್ನು ಕುಸಿದಂತೆಯೇ ಉಳಿಸಿಕೊಂಡ ಪಟ್ಟಣ

ರಾಜಧಾನಿಯಿಂದ ಒಂದು, ಒಂದೂವರೆ ಗಂಟೆಯ ದೂರದಲ್ಲಿರುವ ಆಂಟಿಗುವಾದ ಹೆಸರಿಗೆ 'ಹಳೆಯದು' ಎಂದೇ ಅರ್ಥ. ಮಧ್ಯ ಅಮೆರಿಕದ ಸ್ಪ್ಯಾನಿಷ್ ಆಡಳಿತದ ರಾಜಧಾನಿ ಇಲ್ಲಿಗೆ ಬಂದದ್ದೂ ಇಲ್ಲಿಂದ ಹೋದದ್ದೂ ಪ್ರಕೃತಿಯ ಕೋಪದಿಂದ. 1541ರಲ್ಲಿ ಆಗುವಾ ಜ್ವಾಲಾಮುಖಿಯ ಇಳಿಜಾರಿನಿಂದ ನುಗ್ಗಿದ ಕೆಸರಿನ ಪ್ರವಾಹ ಹಿಂದಿನ ರಾಜಧಾನಿಯನ್ನು ಹೂಳಿತು. 1543ರಲ್ಲಿ ಈ ಕಣಿವೆಯಲ್ಲಿ ಹೊಸದನ್ನು ಕಟ್ಟಿದರು. 1773ರ ಜುಲೈ 29ರ ಭೂಕಂಪ ಇದನ್ನೂ ಕೆಡವಿತು. 1776ರಲ್ಲಿ ರಾಜಧಾನಿ ಈಗಿನ ಸ್ಥಳಕ್ಕೆ ಹೋಯಿತು. ಪೂರ್ತಿ ಖಾಲಿಯಾಗದೆ, ಪೂರ್ತಿ ಮರಳಿ ಕಟ್ಟಿಸಿಕೊಳ್ಳದೆ ಉಳಿದ ಈ ಊರನ್ನು 1979ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಇಲ್ಲಿ ಮೂರು ದಿನ ಇರಿ. ಎಲ್ಲರೂ ಫೋಟೊ ತೆಗೆಯುವ ಸಾಂತಾ ಕತಾಲಿನಾ ಕಮಾನನ್ನು ಬೆಳಗ್ಗೆ ಏಳರೊಳಗೆ ನೋಡಿಬಿಡಿ. ಹೊರಗಿನವರ ಕಣ್ಣಿಗೆ ಬೀಳಬಾರದೆಂಬ ವ್ರತದಲ್ಲಿದ್ದ ಸನ್ಯಾಸಿನಿಯರು ಬೀದಿಯ ಈಚೆಯಿಂದ ಆಚೆಗೆ ದಾಟಲು ಕಟ್ಟಿಸಿದ ಮೇಲ್ದಾರಿ ಅದು. ಅಲ್ಲಿಂದ ಎರಡು ಹೆಜ್ಜೆ ಮುಂದೆ ಹಳದಿ ಗೋಡೆಯ ಮೇಲೆ ಬಿಳಿ ಗಾರೆಯ ಬಳ್ಳಿ ಹೆಣೆದಂತಿರುವ ಲಾ ಮೆರ್ಸೆದ್ ಚರ್ಚಿದೆ. ಅದು ಕುಳ್ಳಗೆ, ದಪ್ಪಗೆ, ಕಾಲೂರಿ ಕುಳಿತಂತೆ ಕಾಣುವುದಕ್ಕೆ ಕಾರಣ ಭೂಕಂಪದ ಭಯವೇ. 1773ರಲ್ಲಿ ಅದು ಉಳಿದುಕೊಂಡಿತು. ಉಳಿಯದವುಗಳನ್ನು ನೋಡಲು ಲಾ ರೆಕೊಲೆಕ್ಸಿಯೊನ್ ಮಠಕ್ಕೆ ಹೋಗಬೇಕು. ಮನೆಯಷ್ಟು ದೊಡ್ಡ ಇಟ್ಟಿಗೆ ಗಾರೆಯ ತುಂಡುಗಳು, ಕಮಾನಿನ ಬಾಗು ಇನ್ನೂ ಗುರುತು ಸಿಗುವಂತೆ, ಬಿದ್ದ ಜಾಗದಲ್ಲೇ ಬಿದ್ದಿವೆ. ಅವುಗಳ ನಡುವೆ ಹುಲ್ಲು ಬೆಳೆದಿದೆ. ಜನ ಕಡಿಮೆ ಬರುವ ಈ ಜಾಗವನ್ನು ನಾನು ಆಂಟಿಗುವಾದಲ್ಲಿ ಎಲ್ಲಕ್ಕಿಂತ ಮೇಲಿಡುತ್ತೇನೆ. 1736ರಲ್ಲಿ ಪೂರ್ತಿಗೊಂಡ ಕಪುಚಿನಾಸ್ ಮಠದಲ್ಲಿ ಒಂದು ಅಂಗಳದ ಸುತ್ತ ಉಂಗುರದಂತೆ ಜೋಡಿಸಿದ 18 ಪುಟ್ಟ ಕೋಣೆಗಳಿವೆ. ಸಾನ್ ಫ್ರಾನ್ಸಿಸ್ಕೊ ಚರ್ಚಿನಲ್ಲಿ ಬಡವರಿಗೂ ರೋಗಿಗಳಿಗೂ ಆಸರೆ ಕೊಟ್ಟ ಸಂತ ಪೆದ್ರೊ ಅವರ ಸಮಾಧಿಯಿದೆ. 2002ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಗ್ವಾಟೆಮಾಲಾಕ್ಕೇ ಬಂದು ಅವರನ್ನು ಸಂತರೆಂದು ಘೋಷಿಸಿದರು. ಅಲ್ಲಿ ಜನ ಪ್ರಾರ್ಥನೆಗೆ ಬರುತ್ತಾರೆ ಎಂಬುದನ್ನು ಮರೆತು ಕ್ಯಾಮೆರಾ ಎತ್ತಬೇಡಿ.

ಈಸ್ಟರ್‌ಗೆ ಮುಂಚಿನ ಪವಿತ್ರ ವಾರದಲ್ಲಿ ಆಂಟಿಗುವಾ ಬೇರೆಯೇ ಊರಾಗುತ್ತದೆ. ಮೆರವಣಿಗೆ ಹೋಗುವ ಕಲ್ಲುಹಾಸಿನ ಬೀದಿಗಳ ಮೇಲೆ ಮನೆಮಂದಿಯೆಲ್ಲ ಸೇರಿ 'ಅಲ್ಫೊಂಬ್ರಾ' ಎಂಬ ನೆಲಹಾಸುಗಳನ್ನು ಬಿಡಿಸುತ್ತಾರೆ. ರಂಗೋಲಿಯ ಅಭ್ಯಾಸವಿರುವ ನಮ್ಮ ಕಣ್ಣಿಗೆ ಅದರ ಶ್ರಮ ಬೇಗ ಅರ್ಥವಾಗುತ್ತದೆ. ಮೊದಲು ಕಲ್ಲುಗಳ ಏರುತಗ್ಗು ಮುಚ್ಚುವಂತೆ ಮರಳನ್ನೋ ಮರದ ಹೊಟ್ಟನ್ನೋ ಹರಡಿ ಸಮ ಮಾಡುತ್ತಾರೆ. ಅದರ ಮೇಲೆ ಕತ್ತರಿಸಿದ ರಟ್ಟಿನ ಅಚ್ಚುಗಳನ್ನಿಟ್ಟು ಬಣ್ಣ ಹಾಕಿದ ಮರದ ಹೊಟ್ಟನ್ನು ಜರಡಿಯಿಂದ ಒಂದೇ ಹದಕ್ಕೆ ಉದುರಿಸುತ್ತಾರೆ. ಮುಗಿದ ಭಾಗದ ಮೇಲೆ ಕಾಲಿಡದಂತೆ ಅಡ್ಡ ಹಲಗೆ ಇಟ್ಟು ಅದರ ಮೇಲೆ ಮಂಡಿಯೂರಿ ಕೆಲಸ ಮಾಡುತ್ತಾರೆ. ಗಾಳಿಗೆ ಹಾರದಿರಲೆಂದು ಮಧ್ಯೆ ಮಧ್ಯೆ ನೀರು ಚಿಮುಕಿಸುತ್ತಾರೆ. ಪೈನ್ ಮರದ ಸೂಜಿ ಎಲೆ, ಹೂವು, ಹಣ್ಣು ಇವೂ ಸೇರುತ್ತವೆ. ರಾತ್ರಿಯಿಡೀ ನಡೆದ ಈ ಕೆಲಸದ ಮೇಲೆ ನೇರಳೆ ನಿಲುವಂಗಿ ತೊಟ್ಟವರು ಹೆಗಲ ಮೇಲೆ ಭಾರಿ ಪಲ್ಲಕ್ಕಿ ಹೊತ್ತು ನಡೆದುಹೋದರೆ ಕೆಲವೇ ನಿಮಿಷಗಳಲ್ಲಿ ಎಲ್ಲ ಕಲಸಿಹೋಗುತ್ತದೆ. ಅವರ ಬೆನ್ನಿಗೇ ಬರುವ ಪೌರಕಾರ್ಮಿಕರು ಬೀದಿಯನ್ನು ಗುಡಿಸಿಬಿಡುತ್ತಾರೆ. ಶುಭ ಶುಕ್ರವಾರದ ಮಧ್ಯಾಹ್ನ ಮೂರರ ನಂತರ ನೇರಳೆ ಬಟ್ಟೆಗಳ ಜಾಗಕ್ಕೆ ಕಪ್ಪು ಬರುತ್ತದೆ. ಗ್ವಾಟೆಮಾಲಾದ ಪವಿತ್ರ ವಾರವನ್ನು ಯುನೆಸ್ಕೊ 2022ರಲ್ಲಿ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದೆ.

ಆ ವಾರಕ್ಕೆ ಹೋಗುವುದಾದರೆ ವಸತಿಯನ್ನು ಹಲವು ತಿಂಗಳು ಮೊದಲೇ ಗೊತ್ತುಮಾಡಬೇಕು. 2027ರಲ್ಲಿ ಈಸ್ಟರ್ ಭಾನುವಾರ ಮಾರ್ಚ್ 28ಕ್ಕೆ ಬರುತ್ತದೆ. ಮೆರವಣಿಗೆಯನ್ನು ನೋಡುವುದಕ್ಕಿಂತ ಅದರ ಹಿಂದಿನ ರಾತ್ರಿ ಹನ್ನೆರಡರ ನಂತರ ಬೀದಿಗಳಲ್ಲಿ ನಡೆದಾಡಿ, ನೆಲಹಾಸು ಬಿಡಿಸುವವರನ್ನು ನೋಡುವುದು ಹೆಚ್ಚಿನದು. ನೂಕುನುಗ್ಗಲು ಒಗ್ಗದವರು, ವಯಸ್ಸಾದ ತಂದೆತಾಯಿಯನ್ನು ಕರೆದುಕೊಂಡು ಹೋಗುವವರು ಆ ವಾರವನ್ನೇ ಹಿಡಿಯಬೇಕಾಗಿಲ್ಲ. ಅದಕ್ಕೂ ಮುಂಚಿನ ನಲವತ್ತು ದಿನಗಳ ಉಪವಾಸ ಕಾಲದ ಭಾನುವಾರಗಳಲ್ಲಿಯೂ ಮೆರವಣಿಗೆಗಳಿರುತ್ತವೆ, ನೆಲಹಾಸುಗಳಿರುತ್ತವೆ, ನಿಂತು ನೋಡಲು ಜಾಗವೂ ಇರುತ್ತದೆ.

ನವೆಂಬರ್ 1ರಂದು ಆಂಟಿಗುವಾದಲ್ಲಿದ್ದರೆ ಬೆಳಗ್ಗೆಯೇ ಹತ್ತಿರದ ಸುಂಪಾಂಗೊ ಅಥವಾ ಸಾಂತಿಯಾಗೊ ಸಕಾತೆಪೆಕೆಸ್ ಊರಿಗೆ ಹೋಗಿ. ತೀರಿಕೊಂಡವರನ್ನು ನೆನೆಯುವ ಆ ದಿನ ಬಿದಿರಿನ ಚೌಕಟ್ಟಿಗೆ ತೆಳು ಬಣ್ಣದ ಕಾಗದ ಅಂಟಿಸಿ ಮಾಡಿದ ಬೃಹತ್ ಗಾಳಿಪಟಗಳನ್ನು ನಿಲ್ಲಿಸುತ್ತಾರೆ. ಅತಿ ದೊಡ್ಡವು ಹಾರುವುದಿಲ್ಲ, ಮೂರು ನಾಲ್ಕು ಅಂತಸ್ತಿನ ಎತ್ತರಕ್ಕೆ ಗೋಡೆಯಂತೆ ನಿಲ್ಲುತ್ತವೆ, ಸಣ್ಣವು ಹಾರುತ್ತವೆ. ಅಂದು ಗೋರಿಗಳ ಮೇಲೆಲ್ಲ ಚೆಂಡುಹೂವು. ನಾವು ದಸರೆಗೂ ದೀಪಾವಳಿಗೂ ಬಾಗಿಲಿಗೆ ಕಟ್ಟುವ ಆ ಹೂವು ಹುಟ್ಟಿದ್ದೇ ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಈ ನೆಲದಲ್ಲಿ.

ಸರೋವರದ ಊರುಗಳು, ಚಿಚಿಕಾಸ್ಟೆನಾಂಗೊದ ಸಂತೆ

ಆಂಟಿಗುವಾದಿಂದ ಅತಿತ್ಲಾನ್‌ಗೆ ಹೋಗುವ ದಾರಿಯಲ್ಲಿ ತೆಕ್ಪಾನ್ ಬಳಿಯ ಇಶಿಮ್ಚೆಯಲ್ಲಿ ಎರಡು ಗಂಟೆ ಇಳಿಯಿರಿ. ಕಕ್ಚಿಕೆಲ್ ಜನರ ರಾಜಧಾನಿಯಾಗಿದ್ದ ಈ ಜಾಗದಲ್ಲೇ ಸ್ಪ್ಯಾನಿಷ್ ದಂಡನಾಯಕ ಪೆದ್ರೊ ದೆ ಅಲ್ವರಾದೊ 1524ರಲ್ಲಿ ಸ್ಪ್ಯಾನಿಷರ ಮೊದಲ ರಾಜಧಾನಿಯನ್ನು ಘೋಷಿಸಿದ. ಕಟ್ಟಡಗಳು ತಗ್ಗಾಗಿವೆ, ಟಿಕಾಲ್‌ನ ವೈಭವವಿಲ್ಲ. ಆದರೆ ಹಿಂಭಾಗದ ಪೈನ್ ಮರಗಳ ಕೆಳಗೆ ಇಂದಿಗೂ ಮಾಯಾ ಪುರೋಹಿತರು ಬೆಂಕಿ ಹಾಕಿ, ಕೋಪಲ್ ಎಂಬ ಮರದ ರಾಳದ ಧೂಪ, ಮೇಣದ ಬತ್ತಿಗಳನ್ನು ಅರ್ಪಿಸುತ್ತಾರೆ. ಪೂಜೆ ನಡೆಯುತ್ತಿದ್ದರೆ ದೂರ ನಿಲ್ಲಿ, ಕರೆದರೆ ಮಾತ್ರ ಹತ್ತಿರ ಹೋಗಿ.

ಹಳೆಯ ಜ್ವಾಲಾಮುಖಿಯ ಬಾಯಿಯೇ ಅತಿತ್ಲಾನ್ ಸರೋವರ; ದಕ್ಷಿಣದ ದಡದಲ್ಲಿ ಸಾನ್ ಪೆದ್ರೊ, ತೊಲಿಮಾನ್, ಅತಿತ್ಲಾನ್ ಎಂಬ ಮೂರು ಜ್ವಾಲಾಮುಖಿಗಳು ನಿಂತಿವೆ. ಪಾನಹಚೆಲ್ ಊರಿನಿಂದ ಎಲ್ಲ ಊರುಗಳಿಗೂ 'ಲಾಂಚಾ' ಎಂಬ ಯಂತ್ರದ ದೋಣಿಗಳಿವೆ. ಮಧ್ಯಾಹ್ನದ ನಂತರ 'ಶೊಕೊಮಿಲ್' ಎಂಬ ಗಾಳಿ ಎದ್ದು ನೀರು ಕುಣಿಯುತ್ತದೆ. ದೂರದ ಊರಿಗೆ ಬೆಳಗ್ಗೆಯೇ ಹೋಗಿ, ಗಾಳಿ ಏಳುವ ಮುನ್ನ ಮರಳುವಂತೆ ಹೊಂದಿಸಿಕೊಳ್ಳಿ. ದೋಣಿಯ ಮುಂಭಾಗದಲ್ಲಿ ಕುಳಿತವರ ಸೊಂಟಕ್ಕೆ ಪೆಟ್ಟು ಹೆಚ್ಚು.

ಸಾನ್ ಹುವಾನ್ ಲಾ ಲಗೂನಾದಲ್ಲಿ ಹೆಂಗಸರ ನೇಕಾರ ಸಹಕಾರ ಸಂಘಗಳಿವೆ. ಮಗ್ಗದ ಒಂದು ತುದಿಯನ್ನು ಕಂಬಕ್ಕೋ ಮರಕ್ಕೋ ಕಟ್ಟಿ, ಇನ್ನೊಂದು ತುದಿಯ ಪಟ್ಟಿಯನ್ನು ಸೊಂಟದ ಹಿಂದೆ ಬಿಗಿದುಕೊಂಡು, ತಮ್ಮ ಮೈಯನ್ನೇ ಹಿಂದಕ್ಕೆ ಮುಂದಕ್ಕೆ ಒಲೆದು ಹಾಸನ್ನು ಬಿಗಿ ಮಾಡುತ್ತ ಸಡಿಲಿಸುತ್ತ ನೇಯುವುದನ್ನು ಅಲ್ಲಿ ಹತ್ತಿರದಿಂದ ನೋಡಬಹುದು. ಎಲೆ, ತೊಗಟೆ, ಬೇರುಗಳಿಂದ ನೂಲಿಗೆ ಬಣ್ಣ ಕಟ್ಟುವುದನ್ನೂ ತೋರಿಸುತ್ತಾರೆ. ಇಲ್ಲಿ ಕಲಿಯಬೇಕಾದ ಒಂದು ಪರೀಕ್ಷೆಯಿದೆ. ಸೊಂಟದ ಮಗ್ಗದಲ್ಲಿ ನೇಯ್ದ ಬಟ್ಟೆಗೆ ನಾಲ್ಕೂ ಕಡೆ ಸಹಜ ಅಂಚು ಇರಬಲ್ಲದು, ಕತ್ತರಿಯ ಕೆಲಸವಿಲ್ಲ. ಅದರ ಅಗಲ ನೇಯುವವಳ ತೋಳಿನ ಅಳತೆಯನ್ನು ಮೀರದಾದ್ದರಿಂದ ಒಂದು ಹುಯಿಪಿಲ್‌ಗೆ ಎರಡು ಮೂರು ಪಟ್ಟಿಗಳನ್ನು ಜೋಡಿಸಿ ಹೊಲಿದಿರುತ್ತಾರೆ. ಅಂಗಡಿಯಲ್ಲಿ ಬಟ್ಟೆಯ ಅಂಚನ್ನೂ ಹಿಂಬದಿಯನ್ನೂ ತಿರುಗಿಸಿ ನೋಡಿ. ಒಂದು ಒಳ್ಳೆಯ ಹುಯಿಪಿಲ್‌ಗೆ ಕೆಲವು ತಿಂಗಳುಗಳ ದುಡಿಮೆ ಬೀಳುತ್ತದೆ. ಸಂತೆಯಲ್ಲಿ ಸ್ವಲ್ಪ ಚೌಕಾಸಿ ಸಹಜ, ಆದರೆ ನೇಯ್ದವಳೇ ಮುಂದೆ ಕುಳಿತು ಬೆಲೆ ಹೇಳಿದಾಗ ಅರ್ಧಕ್ಕೆ ಕೇಳುವುದು ಅನ್ಯಾಯ.

ಸಾಂತಿಯಾಗೊ ಅತಿತ್ಲಾನ್ ತ್ಸುತುಹಿಲ್ ಜನರ ದೊಡ್ಡ ಊರು. ನಿಮ್ಮ ಕೈಯಲ್ಲಿ 25 ಸೆಂತಾವೊ ನಾಣ್ಯವಿದ್ದರೆ ತೆಗೆದು ನೋಡಿ. ಅದರಲ್ಲಿರುವ ಹೆಂಗಸು ಈ ಊರಿನವರು, ತಲೆಯ ಸುತ್ತ ಚಕ್ರದಂತೆ ಸುತ್ತಿದ ಪಟ್ಟಿ ಈ ಊರಿನ ಉಡುಗೆ. ಈಗ ಹಿರಿಯ ಹೆಂಗಸರಲ್ಲಿ ಮಾತ್ರ ಅದನ್ನು ಕಾಣಬಹುದು. ಮಾಶಿಮೊನ್ ಎಂಬ ದೇವರು ಇಲ್ಲಿ ಚರ್ಚಿನಲ್ಲಿರದೆ ಒಂದು ಭಕ್ತಸಂಘದ ಸದಸ್ಯರ ಮನೆಯಲ್ಲಿರುತ್ತಾನೆ. ವರ್ಷಕ್ಕೊಮ್ಮೆ ಮನೆ ಬದಲಾಗುವುದರಿಂದ ದೋಣಿಕಟ್ಟೆಯಲ್ಲಿ ಕೇಳಿಕೊಂಡೇ ಹೋಗಬೇಕು. ಮರದ ಮೈಗೆ ರೇಷ್ಮೆ ವಸ್ತ್ರ ಉಡಿಸಿ, ಟೋಪಿ ತೊಡಿಸಿ, ಬಾಯಿಗೆ ಚುಟ್ಟಾ ಇಟ್ಟು, ಮದ್ಯ ಅರ್ಪಿಸಿ ಹರಕೆ ಹೊರುತ್ತಾರೆ. ಗ್ರಾಮದೇವತೆಗಳ ನಡುವೆ ಬೆಳೆದ ನಮಗೆ ಇದರಲ್ಲಿ ವಿಚಿತ್ರವೇನೂ ಕಾಣಬೇಕಾಗಿಲ್ಲ. ಒಳಗೆ ಹೋದಾಗ ಸಣ್ಣ ಕಾಣಿಕೆ ಕೊಡಿ, ಫೋಟೊಕ್ಕೆ ಬೇರೆ ದರವಿದ್ದರೆ ಕೇಳಿ ಕೊಡಿ, ನಗಬೇಡಿ. ಉಪಕಾರ ಸ್ಮರಿಸಲು 'ಮಲ್ತ್ಯೋಶ್' ಎನ್ನಿ. ಸ್ಪ್ಯಾನಿಷ್ 'ಗ್ರಾಸಿಯಾಸ್' ಕೇಳಿದಾಗ ಬಾರದ ನಗು ಈ ಒಂದು ಮಾತಿಗೆ ಬರುತ್ತದೆ.

ಚಿಚಿಕಾಸ್ಟೆನಾಂಗೊದ ಸಂತೆ ಗುರುವಾರ ಮತ್ತು ಭಾನುವಾರ. ನಿಮ್ಮ ಇಡೀ ಪ್ರವಾಸದ ದಿನಗಳನ್ನು ಇದಕ್ಕೆ ತಕ್ಕಂತೆ ಹಿಂದೆ ಮುಂದೆ ಮಾಡಿಕೊಳ್ಳಬೇಕು. ಹಿಂದಿನ ಸಂಜೆಯೇ ಹೋಗಿ ತಂಗಿದರೆ ಮಳಿಗೆ ಕಟ್ಟುವುದನ್ನೂ, ಪ್ರವಾಸಿಗರ ವ್ಯಾನುಗಳು ಬರುವ ಮುನ್ನ ಸುತ್ತಲ ಹಳ್ಳಿಯವರು ತರಕಾರಿ ಕೊಳ್ಳುವುದನ್ನೂ ನೋಡಬಹುದು. ಸಂತೆಯ ಮೇಲ್ಭಾಗದಲ್ಲಿ ಸಾಂತೊ ತೊಮಾಸ್ ಚರ್ಚು, ಮಾಯಾ ದೇಗುಲದ ಹಳೆಯ ಜಗಲಿಯ ಮೇಲೆ ನಿಂತಿದೆ. ಅದರ 18 ಮೆಟ್ಟಿಲುಗಳು ಮಾಯಾ ಪಂಚಾಂಗದ ಇಪ್ಪತ್ತು ದಿನಗಳ 18 ತಿಂಗಳುಗಳನ್ನು ಸೂಚಿಸುತ್ತವೆ ಎಂದು ಅಲ್ಲಿಯವರು ಹೇಳುತ್ತಾರೆ. ಮೆಟ್ಟಿಲುಗಳ ಮೇಲೆ ಹೂ ಮಾರುವವರು, ಧೂಪ ಹಾಕುವವರು ಇರುತ್ತಾರೆ. ಹೊರಗಿನವರು ಆ ಮೆಟ್ಟಿಲೇರಿ ಮುಂಬಾಗಿಲಿನಿಂದ ಹೋಗದೆ ಪಕ್ಕದ ಬಾಗಿಲಿನಿಂದ ಒಳಗೆ ಹೋಗಬೇಕು. ಒಳಗೆ ಫೋಟೊ ತೆಗೆಯಬಾರದು. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಇಲ್ಲಿ ಪಾದ್ರಿಯಾಗಿದ್ದ ಫ್ರಾನ್ಸಿಸ್ಕೊ ಹಿಮೆನೆಸ್, ಕಿಚೆ ಜನರ ಪುರಾಣವಾದ ಪೋಪೋಲ್ ವೂಹ್ ಅನ್ನು ನಕಲು ಮಾಡಿ ಸ್ಪ್ಯಾನಿಷ್‌ಗೆ ತಂದರು. ಇಂದು ಉಳಿದಿರುವುದು ಅವರ ಆ ಒಂದು ಪ್ರತಿ, ಶಿಕಾಗೊದ ನ್ಯೂಬೆರಿ ಗ್ರಂಥಾಲಯದಲ್ಲಿದೆ. ಮಣ್ಣಿನಿಂದ ಮಾಡಿದ ಮನುಷ್ಯ ಕರಗಿಹೋದ, ಮರದಿಂದ ಮಾಡಿದವನಿಗೆ ಹೃದಯವಿರಲಿಲ್ಲ, ಕೊನೆಗೆ ದೇವತೆಗಳು ಮೆಕ್ಕೆಜೋಳದ ಹಿಟ್ಟಿನಿಂದ ಮನುಷ್ಯನನ್ನು ಮಾಡಿದರು ಎಂದು ಅದು ಹೇಳುತ್ತದೆ. ಸಂತೆಯಲ್ಲಿ ಬಿಳಿ, ಹಳದಿ, ಕೆಂಪು, ಕಪ್ಪು ಜೋಳದ ರಾಶಿಗಳ ಮುಂದೆ ನಿಂತಾಗ ಈ ಕಥೆ ನೆನಪಿರಲಿ.

ಎಲ್ಲ ಊರುಗಳಿಗೂ ಅನ್ವಯಿಸುವ ಒಂದು ಮಾತು: ಜನರ ಫೋಟೊ ತೆಗೆಯುವ ಮುನ್ನ ಕೇಳಿ, ಮಕ್ಕಳ ಫೋಟೊ ತೆಗೆಯಲೇಬೇಡಿ. ಮಕ್ಕಳ ಕಳ್ಳರ ಬಗ್ಗೆ ಬೆಟ್ಟಸೀಮೆಯಲ್ಲಿ ಆಳವಾದ ಭಯವಿದೆ. ಅಪರಿಚಿತರು ಮಗುವಿನ ಬಳಿ ಸುಳಿದಾಡಿದರೆ ಪರಿಸ್ಥಿತಿ ಕೈಮೀರಬಹುದು.

ಟಿಕಾಲ್

ರಾಜಧಾನಿಗೆ ಹಿಂದಿರುಗಿ ಫ್ಲೋರೆಸ್‌ಗೆ ವಿಮಾನದಲ್ಲಿ ಹೋಗಿ. ಪೆಟೆನ್ ಇತ್ಸಾ ಸರೋವರದ ನಡುಗಡ್ಡೆಯಾದ ಫ್ಲೋರೆಸ್, ಸ್ಪ್ಯಾನಿಷರಿಗೆ ಮಣಿಯದೆ ಉಳಿದ ಕೊನೆಯ ಮಾಯಾ ರಾಜ್ಯದ ರಾಜಧಾನಿಯಾಗಿತ್ತು. 1697ರವರೆಗೆ ಅದು ಬಿದ್ದಿರಲಿಲ್ಲ. ಅಲ್ಲಿಂದ ಟಿಕಾಲ್‌ಗೆ ಸುಮಾರು ಒಂದೂವರೆ ಗಂಟೆ. ಸಾಧ್ಯವಾದರೆ ಉದ್ಯಾನದೊಳಗಿನ ವಸತಿಯಲ್ಲೇ ಒಂದು ರಾತ್ರಿ ಇದ್ದು ಬಾಗಿಲು ತೆರೆಯುವ ಬೆಳಗ್ಗೆ ಆರಕ್ಕೆ ಒಳಗೆ ಹೋಗಿ. ಬಾಗಿಲ ಸಮೀಪದ ದೊಡ್ಡ ಸೆಯಿಬಾ ಮರ ನಮ್ಮ ಊರುಗಳಲ್ಲಿ ಹತ್ತಿಗಾಗಿ ಬೆಳೆಸುವ ಬಿಳಿ ಬೂರುಗವೇ. ಮಾಯಾ ಜನರಿಗೆ ಅದು ಪಾತಾಳ, ಭೂಮಿ, ಆಕಾಶಗಳನ್ನು ಜೋಡಿಸುವ ಪವಿತ್ರ ವೃಕ್ಷ.

ಬಿಸಿಲೇರುವ ಮುನ್ನ ನೇರವಾಗಿ ಅತಿ ದೂರದ ನಾಲ್ಕನೆಯ ದೇಗುಲಕ್ಕೆ ನಡೆದು, ಮರದ ಮೆಟ್ಟಿಲುಗಳಿಂದ ಮೇಲೇರಿ ಕುಳಿತುಕೊಳ್ಳಿ. ಸುಮಾರು 65 ಮೀಟರ್ ಎತ್ತರದ ಅದನ್ನು 741ರ ಸುಮಾರಿಗೆ ಯಿಕಿನ್ ಚಾನ್ ಕವೀಲ್ ಎಂಬ ಅರಸ ಕಟ್ಟಿಸಿದ. ಪಟ್ಟದಕಲ್ಲಿನಲ್ಲಿ ಲೋಕಮಹಾದೇವಿ ವಿರೂಪಾಕ್ಷ ದೇವಾಲಯವನ್ನು ಕಟ್ಟಿಸಿದ್ದೂ ಹೆಚ್ಚು ಕಡಿಮೆ ಅದೇ ಕಾಲದಲ್ಲಿ. ಒಂದನ್ನೊಂದು ಅರಿಯದ ಎರಡು ನಾಡುಗಳು. ಕಾಲದ ಅಳತೆ ಸಿಗಲೆಂದು ಮಾತ್ರ ಇದನ್ನು ಹೇಳಿದೆ. ಮಂಜಿನ ನಡುವೆ ಸಿಂಹ ಗರ್ಜಿಸಿದಂತೆ ಕೇಳಿದರೆ ಗಾಬರಿಯಾಗಬೇಡಿ, ಅದು ಹೌಲರ್ ಎಂಬ ಕೋತಿಗಳ ಕೂಗು.

ದೇಗುಲಗಳ ಬಾಗಿಲುಗಳ ಮೇಲಿನ ತೊಲೆಗಳು ಮರದವು, ಅದೂ ಸಪೋಟ ಮರದವು. 'ಸಪೋಟ' ಎಂಬ ನಮ್ಮ ಮಾತೇ ಮೆಕ್ಸಿಕೊದ ನಾಹುವಾತ್ಲ್ ಭಾಷೆಯಿಂದ ಸ್ಪ್ಯಾನಿಷ್ ದಾರಿಯಲ್ಲಿ ಬಂದದ್ದು. ಹಿತ್ತಲಲ್ಲಿ ಹಣ್ಣಿಗಾಗಿ ಬೆಳೆಸುವ ಆ ಮರದ ತಿರುಳು ಗೆದ್ದಲಿಗೂ ಮಳೆಗೂ ಬಗ್ಗದೆ ಸಾವಿರದ ಇನ್ನೂರು ವರ್ಷ ಭಾರ ಹೊತ್ತಿದೆ ಎಂಬುದನ್ನು ಕಣ್ಣಾರೆ ನೋಡಬೇಕು. ನಾಲ್ಕನೆಯ ದೇಗುಲದ ಅತಿ ಸುಂದರ ಕೆತ್ತನೆಯ ತೊಲೆಗಳು ಮಾತ್ರ ಇಲ್ಲಿಲ್ಲ, ಹತ್ತೊಂಬತ್ತನೆಯ ಶತಮಾನದಲ್ಲೇ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರ ಸೇರಿವೆ.

ಅಲ್ಲಿಂದ ಇಳಿದು ಲಾಸ್ಟ್ ವರ್ಲ್ಡ್ ಎಂದು ಕರೆಯುವ ಹಳೆಯ ಭಾಗವನ್ನು ನೋಡಿಕೊಂಡು ಮಹಾ ಚೌಕಕ್ಕೆ ಬನ್ನಿ. ಒಂದು ಕಡೆ 47 ಮೀಟರ್ ಎತ್ತರದ ಮೊದಲನೆಯ ದೇಗುಲ. ಅದರ ಕೆಳಗೆ ಸಮಾಧಿಯಾದವನು 695ರಲ್ಲಿ ಹಗೆಯಾದ ಕಲಕ್ಮುಲ್ ರಾಜ್ಯವನ್ನು ಸೋಲಿಸಿ ಟಿಕಾಲ್‌ಗೆ ಮತ್ತೆ ತಲೆಯೆತ್ತುವಂತೆ ಮಾಡಿದ ಹಸಾವ್ ಚಾನ್ ಕವೀಲ್. ಅದನ್ನು ಹತ್ತಲು ಅನುಮತಿಯಿಲ್ಲ. ಎದುರಿನ ಎರಡನೆಯ ದೇಗುಲದಿಂದ ನೋಡಿ. ಚೌಕದ ನೆಲ ಸಣ್ಣಗೆ ಇಳಿಜಾರಾಗಿದೆ. ಟಿಕಾಲ್‌ನಲ್ಲಿ ನದಿಯಿಲ್ಲ, ಗಾರೆ ಬಳಿದ ಚೌಕಗಳ ಮೇಲೆ ಬಿದ್ದ ಮಳೆನೀರೆಲ್ಲ ಹರಿದು ಕಟ್ಟೆ ಹಾಕಿದ ಕೆರೆಗಳಿಗೆ ಸೇರುವಂತೆ ನಗರವನ್ನೇ ಓರೆ ಮಾಡಿ ಕಟ್ಟಿದ್ದರು. ಹಿಂದಿರುಗುವಾಗ 'ಕ್ಯೂ' ಎಂದು ಗುರುತಿಸಿರುವ ಅವಳಿ ಪಿರಮಿಡ್ಡುಗಳ ಸಮುಚ್ಚಯದ ಮುಂದಿನ ಶಾಸನಸ್ತಂಭಗಳನ್ನು ನೋಡಿ, ಅದರ ಕಾಲ 771 ಎಂದು ಗುರುತು ಹಾಕಿಕೊಳ್ಳಿ. ಮತ್ತೊಂದು ದಿನ ಕೈಯಲ್ಲಿದ್ದರೆ ಯಾಶ್ಹಾಕ್ಕೆ ಹೋಗಿ ಅದರ 216ನೆಯ ಕಟ್ಟಡದ ಮೇಲಿಂದ ಕೆರೆಗಳ ಮೇಲಿನ ಸೂರ್ಯಾಸ್ತ ನೋಡಬಹುದು.

ಕಿರಿಗುವಾದ ದಾರಿ

ಫ್ಲೋರೆಸ್‌ನಿಂದ ರಸ್ತೆಯಲ್ಲಿ ದಕ್ಷಿಣಕ್ಕೆ ಇಳಿದರೆ ರಿಯೊ ದುಲ್ಸೆ. ಅಲ್ಲಿ ಕಡಲ್ಗಳ್ಳರನ್ನು ತಡೆಯಲು ಕಟ್ಟಿದ ಸಾನ್ ಫೆಲಿಪೆ ಕೋಟೆಯಿದೆ. ಅಲ್ಲಿಂದ ದೋಣಿಯಲ್ಲಿ ಮಾತ್ರ ತಲುಪಬಹುದಾದ ಲಿವಿಂಗ್‌ಸ್ಟನ್ ಊರಿನಲ್ಲಿ ಆಫ್ರಿಕಾ ಮತ್ತು ಕೆರಿಬಿಯನ್ ಮೂಲದ ಗರಿಫುನಾ ಜನರಿದ್ದಾರೆ. ಅವರ ಭಾಷೆ, ಸಂಗೀತ, ಕುಣಿತಗಳನ್ನು ಯುನೆಸ್ಕೊ 2001ರಲ್ಲೇ ಗೌರವಿಸಿತು. ಒಂದು ರಾತ್ರಿ ಸಾಕು.

ಕಿರಿಗುವಾ ಅಟ್ಲಾಂಟಿಕ್ ಹೆದ್ದಾರಿಯ ಪಕ್ಕದಲ್ಲಿ, ಬಾಳೆತೋಟಗಳ ನಡುವೆ ಇದೆ. ಪಿರಮಿಡ್ಡುಗಳಿಲ್ಲದ ಕಾರಣಕ್ಕೆ ಬಹಳ ಮಂದಿ ಇದನ್ನು ಬಿಡುತ್ತಾರೆ. ಮೊತಾಗುವಾ ಕಣಿವೆಯ ಹಸಿರು ಜೇಡ್ ಕಲ್ಲಿನ ವ್ಯಾಪಾರದ ದಾರಿಯಲ್ಲಿದ್ದ ಈ ಚಿಕ್ಕ ರಾಜ್ಯ, ಈಗ ಹೊಂಡುರಾಸ್‌ನಲ್ಲಿರುವ ಕೊಪಾನ್‌ಗೆ ಸಾಮಂತವಾಗಿತ್ತು. 738ರಲ್ಲಿ ಕಾಕ್ ತಿಲಿವ್ ಎಂಬ ಅರಸ ಕೊಪಾನ್‌ನ ದೊರೆಯನ್ನೇ ಸೆರೆಹಿಡಿದು ಬಲಿಕೊಟ್ಟು ಸ್ವತಂತ್ರನಾದ. ಆ ಗೆಲುವಿನ ಹುಮ್ಮಸ್ಸಿನಲ್ಲಿ ನಿಲ್ಲಿಸಿದ ಮರಳುಗಲ್ಲಿನ ಸ್ತಂಭಗಳೇ ಇಲ್ಲಿನ ಸಂಪತ್ತು. 'ಇ' ಎಂದು ಗುರುತಿಸಿರುವ ಸ್ತಂಭ ಒಟ್ಟು 10.6 ಮೀಟರ್ ಉದ್ದ. ಮಾಯಾ ಜನರು ನಿಲ್ಲಿಸಿದವುಗಳಲ್ಲೇ ಅತಿ ದೊಡ್ಡದು.

ಸ್ತಂಭದ ಬದಿಗೆ ಬನ್ನಿ. ಅಕ್ಷರಗಳ ಚೌಕಗಳು ಎರಡೆರಡು ಸಾಲಾಗಿ ಕೆಳಗಿಳಿಯುತ್ತವೆ. ಎಡಕ್ಕೊಂದು, ಬಲಕ್ಕೊಂದು ಓದಿ, ಕೆಳಗಿನ ಜೋಡಿಗೆ ಇಳಿಯಬೇಕು. ಎಲ್ಲಕ್ಕಿಂತ ಮೇಲೆ, ಬೇರೆಯವಕ್ಕಿಂತ ದೊಡ್ಡದಾಗಿ ಇರುವ ಚೌಕ 'ಇನ್ನು ಕಾಲ ಬರುತ್ತದೆ' ಎಂಬ ಸೂಚನೆ. ಅದರ ನಂತರದ ಐದು ಚೌಕಗಳಲ್ಲಿ ಅಂಕಿಗಳಿರುತ್ತವೆ. ನೋಟಿನಲ್ಲಿ ಅಡ್ಡವಾಗಿದ್ದ ಗೆರೆ ಇಲ್ಲಿ ಹಲವೆಡೆ ಲಂಬವಾಗಿ, ಅಕ್ಷರದ ಎಡಕ್ಕೆ ನಿಂತಿರುತ್ತದೆ. ಚುಕ್ಕಿಗಳ ನಡುವೆ ಅರ್ಧಚಂದ್ರದಂಥ ಆಕಾರಗಳು ಕಂಡರೆ ಎಣಿಸಬೇಡಿ. ಜಾಗ ತುಂಬಲು ಶಿಲ್ಪಿ ಹಾಕಿದ ಅಲಂಕಾರ ಅವು. ಕೆಲವೆಡೆ ಅಂಕಿಯ ಬದಲು ದೇವತೆಯ ಮುಖವನ್ನೇ ಕೆತ್ತಿರುವುದರಿಂದ ಅಲ್ಲಿ ಮಾರ್ಗದರ್ಶಿಯ ನೆರವು ಬೇಕಾಗುತ್ತದೆ. 'ಇ' ಸ್ತಂಭವನ್ನು ಪ್ರತಿಷ್ಠಾಪಿಸಿದ ಕಾಲ, ಆ ಐದು ಚೌಕಗಳ ಅಂಕಿಗಳನ್ನು ಸಾಲಾಗಿ ಬರೆದರೆ, 9.17.0.0.0, ಅಂದರೆ ನಮ್ಮ ಲೆಕ್ಕದಲ್ಲಿ 771ರ ಜನವರಿ. ಟಿಕಾಲ್‌ನ ಅವಳಿ ಪಿರಮಿಡ್ಡುಗಳು ಆಚರಿಸಿದ್ದೂ ಇದೇ ಕಾಲಘಟ್ಟದ ಮುಕ್ತಾಯವನ್ನು, 7,200 ದಿನಗಳ ಒಂದು ಕಾತುನ್ ತುಂಬಿದ ದಿನವನ್ನು. 'ಸಿ' ಸ್ತಂಭದಲ್ಲಿ ಇನ್ನೂ ಹಿಂದಕ್ಕೆ ಹೋಗಿ, ಮಾಯಾ ಎಣಿಕೆ ಆರಂಭವಾದ ಕ್ರಿಸ್ತಪೂರ್ವ 3114ರ ಸೃಷ್ಟಿಯ ದಿನವನ್ನೇ ಕೆತ್ತಿದ್ದಾರೆ. ನಮ್ಮ ಕಲಿಯುಗದ ಎಣಿಕೆ ಅದಕ್ಕೆ ಹನ್ನೆರಡು ವರ್ಷ ಈಚೆಗೆ ಶುರುವಾಗುತ್ತದೆ. ಅದು ಕಾಕತಾಳೀಯ, ಅದರ ಮೇಲೆ ಸಿದ್ಧಾಂತ ಕಟ್ಟುವವರ ಮಾತಿಗೆ ಕಿವಿಗೊಡಬೇಡಿ.

ಸ್ತಂಭಗಳಿಗೆ ಹುಲ್ಲಿನ ಚಪ್ಪರ ಹಾಕಿರುವುದರಿಂದ ನಡುಮಧ್ಯಾಹ್ನದಲ್ಲಿ ಕೆತ್ತನೆ ಮಸುಕಾಗಿ ಕಾಣುತ್ತದೆ; ಓರೆ ಬೆಳಕಿರುವ ಬೆಳಗಿನ ಹೊತ್ತನ್ನೇ ಆರಿಸಿ, ಸೊಳ್ಳೆಗೆ ಮುಲಾಮು ಹಚ್ಚಿಕೊಳ್ಳಿ. ಇಲ್ಲಿಂದ ರಾಜಧಾನಿಗೆ ಸುಮಾರು 200 ಕಿಲೋಮೀಟರ್. ಬಂದರಿಗೆ ಹೋಗಿಬರುವ ಲಾರಿಗಳಿಂದ ಹೆದ್ದಾರಿ ಗಂಟೆಗಟ್ಟಲೆ ಕಟ್ಟಿಕೊಳ್ಳುವುದುಂಟು, ಕತ್ತಲಾದ ಮೇಲೆ ಆ ದಾರಿಯಲ್ಲಿ ಪ್ರಯಾಣ ಬೇಡ. ಆದ್ದರಿಂದ ಊರಿಗೆ ಮರಳುವ ವಿಮಾನವನ್ನು ಅದೇ ದಿನಕ್ಕೆ ಇಟ್ಟುಕೊಳ್ಳದೆ, ರಾಜಧಾನಿಯಲ್ಲಿ ಒಂದು ರಾತ್ರಿ ತಂಗಿ ಮಾರನೆಯ ದಿನ ಹೊರಡುವಂತೆ ಟಿಕೆಟ್ ಮಾಡಿಸಿ.